ಸೋತ ಬಸೂನಿನ ಕಥೆ

ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದುದು 1971ರಲ್ಲಿ. ಲಕ್ಷ್ಮೀಪುರಂನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಎದುರುಮನೆಯಲ್ಲಿ, ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ಹಜಾರದಲ್ಲಿ ಒಂದು ರೆಕಾರ್ಡ್ ಪ್ಲೇಯರ್. ಅದರ ಪಕ್ಕದ ಬೀರುವಿನಲ್ಲಿ ಪಾಶ್ಚಾತ್ಯ ಸಂಗೀತದ ಮೂವತ್ತು ನಲವತ್ತು ರೆಕಾರ್ಡುಗಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯಿಂದಲೇ "ಬಾರಯ್ಯಾ, ಕೇಳುವೆಯಂತೆ" ಎಂದು ಕರೆಯುತ್ತಿದ್ದರು. ನನಗೆ ಆ ಸಂಗೀತ ಏನೇನೂ ಅರ್ಥವಾಗುತ್ತಿರಲಿಲ್ಲ. ಅವರ ಮನೆಯ ಕಾಫಿ ಚೆನ್ನಾಗಿರುತ್ತಿತ್ತು, ಹೋಗುತ್ತಿದ್ದೆ.

ಒಂದು ದಿನ ಅವರು ಹಾಕಿದ್ದು ಮೊಜಾರ್ಟನ ಒಂದು ಕೃತಿ. ಹಿಂದೆ ಪಿಟೀಲುಗಳ ಸಮೂಹ, ಮುಂದೆ ನಾಲ್ಕು ಗಾಳಿವಾದ್ಯಗಳು. ಒಂದಾದ ಮೇಲೊಂದು ಮಾತಾಡುತ್ತವೆ, ಒಂದರ ಮಾತನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದನಿ ನನ್ನ ಕಿವಿಯನ್ನು ಹಿಡಿದು ನಿಲ್ಲಿಸಿತು. ಸ್ವಲ್ಪ ಒರಟು, ಸ್ವಲ್ಪ ಮೂಗಿನಲ್ಲಿ ಹಾಡಿದಂತೆ, ಆದರೆ ತೀರ ಆಪ್ತವಾದ ದನಿ. ನಮ್ಮೂರ ಜಾತ್ರೆಯಲ್ಲಿ ಬೆಳಗಿನ ಜಾವ ದೂರದಿಂದ ಕೇಳಿಬರುವ ಓಲಗವನ್ನು ಯಾರೋ ಬಾವಿಯೊಳಗೆ ಇಳಿಸಿದ್ದಾರೆ ಅನ್ನಿಸಿತು. "ಇದು ಯಾವುದು ಸಾರ್?" ಎಂದೆ. "ಬಸೂನ್. ನಿಮ್ಮ ಓಲಗದ ದೊಡ್ಡಣ್ಣ ಅಂತ ತಿಳಕೋ. ಇದಕ್ಕೂ ಎರಡು ನಾಲಗೆಯ ಪೀಪಿ" ಎಂದರು. ಆಮೇಲೆ ರೆಕಾರ್ಡಿನ ಹೊದಿಕೆಯನ್ನು ನನ್ನ ಕೈಗಿತ್ತು, "ಇದು ನಮ್ಮ ಮಹಾಸ್ವಾಮಿಯವರು ಕೈಹಿಡಿದು ನಡೆಸಿದ ವಾದ್ಯವೃಂದ ಕಣಯ್ಯಾ" ಎಂದು ಹೆಮ್ಮೆಯಿಂದ ಸೇರಿಸಿದರು.

ಮುದುಕರ ಅರಮನೆಯ ಅಭಿಮಾನ ಎಂದುಕೊಂಡು ಆಗ ಸುಮ್ಮನಾಗಿದ್ದೆ. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ವಾಲ್ಟರ್ ಲೆಗ್ ಎಂಬಾತ 1945ರಲ್ಲಿ ಕಟ್ಟಿದ. ಅದರ ಪ್ರಾರಂಭದ ವರ್ಷಗಳಲ್ಲಿ ಹಣಕಾಸಿನ ನೆರವು ನೀಡಿದವರು ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಷ್ಯಾದ ಮೆಡ್ನರ್ ಎಂಬ ಸಂಗೀತಕಾರನ ಕೃತಿಗಳನ್ನು ರೆಕಾರ್ಡು ಮಾಡಿಸಿದವರೂ, 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳುವಂತೆ ಆರ್ಥಿಕ ಹೊಣೆ ಹೊತ್ತವರೂ ಅವರೇ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅರಸರ ಈ ಇನ್ನೊಂದು ಮುಖದ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ನಾನು ಈಗ ಹೇಳಹೊರಟಿರುವುದು ಆ ಬಸೂನಿನ ವಿಷಯ. ನಾನು ಸಂಗೀತಜ್ಞನಲ್ಲ, ಇತಿಹಾಸ ಪಾಠ ಮಾಡಿದವನು. ನಿವೃತ್ತಿಯ ನಂತರ ಪುರುಸೊತ್ತಿನಲ್ಲಿ ಓದುತ್ತ ಹೋದಾಗ ನನಗೆ ತಿಳಿದದ್ದು ಇದು: ಅಂದು ಆ ರೆಕಾರ್ಡಿನಲ್ಲಿ ನನ್ನನ್ನು ಸೆಳೆದ ವಾದ್ಯಕ್ಕೂ ಇಂದು ಜಗತ್ತಿನ ಬಹುಪಾಲು ವಾದ್ಯವೃಂದಗಳಲ್ಲಿ ಬಸೂನ್ ಎಂದು ಕರೆಸಿಕೊಳ್ಳುವ ವಾದ್ಯಕ್ಕೂ ಹೆಸರು ಒಂದೇ, ವಾದ್ಯ ಬೇರೆ. ಹೇಗೆ ಬೇರೆಯಾಯಿತು ಎಂಬುದು ನೂರೈವತ್ತು ವರ್ಷಗಳ ಕಥೆ. ಅದರಲ್ಲಿ ಒಬ್ಬರು ಗೆದ್ದರು, ಒಬ್ಬರು ಸೋತರು.

ನೋಡದವರಿಗಾಗಿ ಮೊದಲು ವಾದ್ಯದ ಪರಿಚಯ. ಬಸೂನು ಎಂದರೆ ಸುಮಾರು ಎರಡೂವರೆ ಮೀಟರು ಉದ್ದದ, ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುವ ಮರದ ಕೊಳವೆ. ಅಷ್ಟುದ್ದದ ಕೊಳವೆಯನ್ನು ಮನುಷ್ಯ ಹಿಡಿದು ನುಡಿಸಲಾರ. ಆದ್ದರಿಂದ ಅದನ್ನು ಮಧ್ಯದಲ್ಲಿ ಮಡಿಸಲಾಗಿದೆ: ಗಾಳಿ ಒಂದು ಕೊಳವೆಯಲ್ಲಿ ಕೆಳಗಿಳಿದು, ಬುಡದ ತುಂಡಿನಲ್ಲಿ ತಿರುವು ಪಡೆದು, ಪಕ್ಕದ ಕೊಳವೆಯಲ್ಲಿ ಮೇಲೇರಿ ವಾದಕನ ತಲೆಗಿಂತ ಎತ್ತರದಲ್ಲಿ ಹೊರಬರುತ್ತದೆ. ಹೀಗೆ ಮಡಿಸಿದ ಮೇಲೂ ಅದರ ಎತ್ತರ ನಾಲ್ಕು ಅಡಿಗೂ ಹೆಚ್ಚು. ಮೇಲುಭಾಗದಿಂದ ಒಂದು ಬಾಗಿದ ಲೋಹದ ಕೊಳವೆ ಬಾಯಿಯ ಕಡೆಗೆ ಬರುತ್ತದೆ. ಅದರ ತುದಿಗೆ ಪೀಪಿ. ಇಟಲಿಯ ಭಾಷೆಯಲ್ಲಿ ಇದಕ್ಕೆ ಫಗೊಟ್ಟೊ ಎಂದು ಹೆಸರು, ಜರ್ಮನರಿಗೆ ಫಾಗೊಟ್. ಆ ಪದಕ್ಕೆ ಸೌದೆಯ ಕಟ್ಟು ಎಂಬ ಅರ್ಥವೂ ಇದೆ. ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ ಬಸೂನನ್ನು ನೋಡಿದರೆ ಆ ಹೆಸರಿಟ್ಟವನ ಮೇಲೆ ಸಿಟ್ಟು ಬರುವುದಿಲ್ಲ.

ಪೀಪಿಯ ಕಥೆ ನಮಗೆ ಹೊಸದಲ್ಲ. ನೀರಿನ ದಂಡೆಯಲ್ಲಿ ಬೆಳೆಯುವ ಜೊಂಡಿನ ಜಾತಿಯ ದಪ್ಪ ಲಾಳವನ್ನು ಒಣಗಿಸಿ, ಸೀಳಿ, ತೆಳುವಾಗಿ ಹೆರೆದು, ಎರಡು ಪದರಗಳನ್ನು ಎದುರುಬದುರಾಗಿ ದಾರದಿಂದ ಬಿಗಿಯುತ್ತಾರೆ. ಊದಿದಾಗ ಎರಡು ಪದರಗಳೂ ಒಂದಕ್ಕೊಂದು ತಾಗಿ ಬಿಡುತ್ತ ಕಂಪಿಸುತ್ತವೆ. ನಾಗಸ್ವರ, ಶಹನಾಯಿ, ಮುಖವೀಣೆ ಎಲ್ಲವೂ ಈ ಕುಲದವೇ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಲಾಳ ಬಸೂನಿಗೂ ಓಬೋಗೂ ಶ್ರೇಷ್ಠವೆಂದು ಹೆಸರುವಾಸಿ. ಇಂದಿಗೂ ಬಸೂನು ವಾದಕರಲ್ಲಿ ಅನೇಕರು ತಮ್ಮ ಪೀಪಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಮ್ಮೂರಿನ ಓಲಗದ ವಿದ್ವಾಂಸರು ದೇವಸ್ಥಾನದ ಜಗಲಿಯ ಮೇಲೆ ಕೂತು, ಪೀಪಿಯನ್ನು ಬಾಯಲ್ಲಿ ನೆನೆಸಿ, ಚೂರಿಯ ತುದಿಯಿಂದ ಒಂದೆಳೆ ಹೆರೆದು, ಊದಿ, ತಲೆಯಾಡಿಸಿ, ಮತ್ತೆ ಹೆರೆಯುತ್ತಿದ್ದುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಜರ್ಮನಿಯ ವಾದಕ ಮಾಡುವುದೂ ಅದನ್ನೇ.

ಹದಿನಾರನೆಯ ಶತಮಾನದಲ್ಲಿ ಈ ವಾದ್ಯದ ಪೂರ್ವಜ ಒಂದೇ ಮರದ ದಿಮ್ಮಿಯಾಗಿತ್ತು. ದಿಮ್ಮಿಯಲ್ಲಿ ಅಕ್ಕಪಕ್ಕ ಎರಡು ರಂಧ್ರ ಕೊರೆದು ಕೆಳಗೆ ಕೂಡಿಸುತ್ತಿದ್ದರು. ಅದಕ್ಕೆ ಡಲ್ಸಿಯನ್ ಎಂದು ಹೆಸರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ನಾಲ್ಕು ತುಂಡುಗಳಾಗಿ ಬಿಡಿಸಿ ಜೋಡಿಸುವ ಕ್ರಮ ಬಂತು. ಫ್ರಾನ್ಸಿನ ಅರಮನೆಯ ವಾದ್ಯಗಾರರ ಕೈವಾಡ ಇದರಲ್ಲಿ ದೊಡ್ಡದೆಂದು ವಿದ್ವಾಂಸರ ಅಭಿಪ್ರಾಯ. ತುಂಡುಗಳಾದ ಮೇಲೆ ಒಳಗಿನ ರಂಧ್ರವನ್ನು ಹೆಚ್ಚು ನಯವಾಗಿ, ಹೆಚ್ಚು ಕರಾರುವಾಕ್ಕಾಗಿ ಕೊರೆಯಬಹುದಾಯಿತು. ಮೊದಮೊದಲು ಅದರ ಕೆಲಸ ಮಂದ್ರದ ಸಾಲನ್ನು ಪಿಟೀಲಿನ ಸಂಸಾರಕ್ಕೆ ಒತ್ತಾಸೆಯಾಗಿ ನುಡಿಸುವುದಷ್ಟೇ. ಮದುವೆಮನೆಯಲ್ಲಿ ಅಡಿಗೆಯವರ ಸಹಾಯಕನಂತೆ, ಇದ್ದಾನೆಂದು ಯಾರಿಗೂ ಗೊತ್ತಾಗದು, ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.

ಆ ಸಹಾಯಕನನ್ನು ಪಂಕ್ತಿಯ ಮುಂದೆ ತಂದು ಕೂರಿಸಿದವನು ವೆನಿಸ್ಸಿನ ವಿವಾಲ್ಡಿ. ಅನಾಥ ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಪಿಯೆತಾ ಎಂಬ ಆಶ್ರಮದಲ್ಲಿ ಆತ 1703ರಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದ. ಆ ಆಶ್ರಮದ ಹುಡುಗಿಯರ ವಾದ್ಯವೃಂದ ಯುರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ವಿವಾಲ್ಡಿ ಬಸೂನೊಂದಕ್ಕೇ ಮೂವತ್ತೊಂಬತ್ತು ಕನ್ಚರ್ಟೊಗಳನ್ನು ಬರೆದ, ಅವುಗಳಲ್ಲಿ ಎರಡು ಅಪೂರ್ಣ. ಪಿಟೀಲನ್ನು ಬಿಟ್ಟರೆ ಬೇರಾವ ವಾದ್ಯಕ್ಕೂ ಆತ ಇಷ್ಟು ಬರೆದಿಲ್ಲ. ಯಾರಿಗಾಗಿ ಬರೆದನೆಂಬುದು ಇನ್ನೂ ಚರ್ಚೆಯ ವಿಷಯ. ಸ್ವಾರಸ್ಯವೆಂದರೆ ಆತನ ಹಸ್ತಪ್ರತಿಗಳ ದೊಡ್ಡ ಸಂಗ್ರಹ ಇಟಲಿಯ ಟೂರಿನ್ ನಗರದ ಗ್ರಂಥಾಲಯ ಸೇರಿದ್ದು 1920ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಜಗತ್ತು ಅವುಗಳನ್ನು ಮರೆತೇಬಿಟ್ಟಿತ್ತು. ಹದಿನೆಂಟರ ಹರೆಯದ ಮೊಜಾರ್ಟ್ 1774ರ ಜೂನ್ ತಿಂಗಳಲ್ಲಿ ಸಾಲ್ಸ್‌ಬರ್ಗಿನಲ್ಲಿ ಬರೆದು ಮುಗಿಸಿದ ಬಸೂನ್ ಕನ್ಚರ್ಟೊ ಇಂದಿಗೂ ಈ ವಾದ್ಯದ ವಿದ್ಯಾರ್ಥಿಗಳಿಗೆ ನಮ್ಮ ವರ್ಣಗಳಿದ್ದಂತೆ. ಕೆಲಸಕ್ಕೆ ಅರ್ಜಿ ಹಾಕಿದವರೆಲ್ಲರೂ ಅದನ್ನು ನುಡಿಸಿ ತೋರಿಸಲೇಬೇಕು.

ಇಷ್ಟೆಲ್ಲ ವೈಭವದ ಒಳಗೆ ಒಂದು ತೊಂದರೆ ಅಡಗಿತ್ತು. ಎರಡೂವರೆ ಮೀಟರಿನ ಕೊಳವೆಯಲ್ಲಿ ಸ್ವರದ ರಂಧ್ರಗಳು ಶಾಸ್ತ್ರದ ಪ್ರಕಾರ ಎಲ್ಲಿರಬೇಕೋ ಅಲ್ಲಿಗೆ ಮನುಷ್ಯನ ಬೆರಳು ಎಟುಕುವುದಿಲ್ಲ. ಹಳಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬೆರಳು ಬೀಳುವ ಕಡೆ ಮರವನ್ನು ಬಹಳ ದಪ್ಪವಾಗಿ ಬಿಟ್ಟು, ರಂಧ್ರಗಳನ್ನು ಓರೆಯಾಗಿ ಕೊರೆದರು. ಹೊರಗಡೆ ಮೂರು ರಂಧ್ರಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ; ಒಳಗಡೆ ಅವು ದೂರ ದೂರ ತೆರೆದುಕೊಳ್ಳುತ್ತವೆ. ಆದರೂ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ. ಕೆಲವು ಸ್ವರಗಳು ಮಂಕು, ಕೆಲವು ತೀಕ್ಷ್ಣ, ಕೆಲವು ಶ್ರುತಿ ತಪ್ಪಿದವು. ವಾದಕ ತುಟಿಯ ಬಿಗಿಯಿಂದ, ಉಸಿರಿನ ಒತ್ತಡದಿಂದ, ಅಡ್ಡದಾರಿಯ ಬೆರಳು ಹಿಡಿತಗಳಿಂದ ಒಂದೊಂದು ಸ್ವರವನ್ನೂ ತಿದ್ದಿಕೊಳ್ಳಬೇಕು. ಈ ದೋಷವೇ ಆ ವಾದ್ಯದ ಗುಣವೂ ಆಗಿತ್ತು. ಆ ಉದ್ದನೆಯ ಓರೆ ರಂಧ್ರಗಳಿಂದಲೇ ಅದರ ದನಿಗೆ ಆ ಬಣ್ಣ. ಪ್ರತಿಯೊಂದು ಸ್ವರಕ್ಕೂ ಅದರದೇ ಮುಖ. ತರಗತಿಯಲ್ಲಿ ನಲವತ್ತು ಹುಡುಗರಿದ್ದಂತೆ.

ಹತ್ತೊಂಬತ್ತನೆಯ ಶತಮಾನಕ್ಕೆ ಇದು ಸಾಲದಾಯಿತು. ಸಂಗೀತ ಎಲ್ಲ ಶ್ರುತಿಗಳಲ್ಲೂ ಅಡ್ಡಾಡತೊಡಗಿತು, ಸಭಾಂಗಣಗಳು ದೊಡ್ಡದಾದವು, ವಾದ್ಯವೃಂದಗಳು ಹಿಗ್ಗಿದವು. ಆಗ ಬಂದವನು ಕಾರ್ಲ್ ಆಲ್ಮೆನ್‌ರೇಡರ್. 1786ರಲ್ಲಿ ಹುಟ್ಟಿದ ಈತ ಗುರುವಿಲ್ಲದೆ ಬಸೂನು ಕಲಿತವನು, ಮುಂದೆ ನಸ್ಸೌ ಸಂಸ್ಥಾನದ ಆಸ್ಥಾನ ವಾದ್ಯವೃಂದದಲ್ಲಿ ವಾದಕನಾದ. ಗಾಟ್‌ಫ್ರೀಡ್ ವೇಬರ್ ಎಂಬ ವಿದ್ವಾಂಸ ಧ್ವನಿಶಾಸ್ತ್ರದ ಬಗ್ಗೆ ಬರೆದದ್ದನ್ನು ಓದಿ, ಮೈಂಟ್ಸ್ ನಗರದ ಷಾಟ್ ಕಾರ್ಖಾನೆಯಲ್ಲಿ ಪ್ರಯೋಗಗಳನ್ನು ನಡೆಸಿದ. ರಂಧ್ರಗಳನ್ನು ಇರಬೇಕಾದ ಜಾಗದ ಹತ್ತಿರಕ್ಕೆ ಸರಿಸಿದ, ಎಟುಕದ ಕಡೆಗೆ ಲೋಹದ ಕೀಲಿಗಳನ್ನು ಅಳವಡಿಸಿದ. ಅಂತಿಮವಾಗಿ ಅವನ ಬಸೂನಿನಲ್ಲಿ ಹದಿನೇಳು ಕೀಲಿಗಳಿದ್ದವು. 1831ರಲ್ಲಿ ಯೋಹಾನ್ ಆಡಮ್ ಹೆಕೆಲ್ ಎಂಬ ತರುಣ ಕುಶಲಕರ್ಮಿಯೊಂದಿಗೆ ರೈನ್ ನದಿಯ ದಂಡೆಯ ಬೀಬ್ರಿಚ್ ಊರಿನಲ್ಲಿ ಸ್ವಂತ ಕಾರ್ಖಾನೆ ತೆರೆದ. ಹೆಕೆಲನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಸಂಗೀತಗಾರರು ಈ ಹೊಸ ವಾದ್ಯವನ್ನು ಎದ್ದು ಸ್ವಾಗತಿಸಿದರೆಂದು ತಿಳಿಯಬೇಡಿ. ಶ್ರುತಿ ಸರಿಹೋಯಿತು, ಆದರೆ ಹಳೆಯ ಬಸೂನಿನ ಮಾಧುರ್ಯ ಎಲ್ಲಿ ಹೋಯಿತು ಎಂಬ ದೂರು ದಶಕಗಳ ಕಾಲ ಇತ್ತು. ಆಲ್ಮೆನ್‌ರೇಡರ್ 1840ರ ದಶಕದಲ್ಲಿ ತೀರಿಕೊಂಡ. ಕಳೆದುಹೋದ ದನಿಯನ್ನು ಮರಳಿ ತರುವುದೇ ಹೆಕೆಲ್ ಮನೆತನದ ಕಾಯಕವಾಯಿತು. ಮಗ ವಿಲ್‌ಹೆಲ್ಮ್ ಹೆಕೆಲನ ಕಾಲಕ್ಕೆ, ಅಂದರೆ ಆ ಶತಮಾನದ ಕೊನೆಗೆ, ವಾದ್ಯ ಈಗಿನ ರೂಪಕ್ಕೆ ಬಂದು ನಿಂತಿತು. ಮೇಪಲ್ ಮರದ ಮೈ. ಉಸಿರಿನ ತೇವದಿಂದ ಮರ ಕೊಳೆಯದಂತೆ ಒಳಗೆ ಗಟ್ಟಿ ರಬ್ಬರಿನ ಲೇಪ. ವಾಗ್ನರ್ 1862ರಲ್ಲಿ ಬೀಬ್ರಿಚ್‌ನಲ್ಲಿಯೇ ಮನೆ ಮಾಡಿಕೊಂಡಿದ್ದಾಗ ಹೆಕೆಲನ ಕಾರ್ಖಾನೆಗೆ ಹೋಗಿ ಸಲಹೆ ಕೊಟ್ಟನೆನ್ನುತ್ತಾರೆ. ಈ ಹೆಕೆಲ್ ಬಸೂನಿನ ದನಿ ದುಂಡಗೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಅದರ ನಾದದಲ್ಲಿ ಸೆಕೆಂಡಿಗೆ ಸುಮಾರು ಐನೂರು ಕಂಪನಗಳ ಆಸುಪಾಸಿನಲ್ಲಿ ಒಂದು ಉಬ್ಬು ಇದೆ. ಮನುಷ್ಯ 'ಓ' ಎಂದಾಗಲೂ ಅಲ್ಲಿಯೇ ಹತ್ತಿರದಲ್ಲಿ ಅಂಥದೊಂದು ಉಬ್ಬು ಇರುತ್ತದೆ. ಯಾರೋ ಓಗೊಡುತ್ತಿರುವಂತೆ ಅದು ಕೇಳುವುದು ಇದರಿಂದಲೇ.

ಫ್ರಾನ್ಸಿನವರು ಈ ದಾರಿ ಹಿಡಿಯಲಿಲ್ಲ. ಅವರೇನು ಹಳತಕ್ಕೆ ಜೋತುಬಿದ್ದವರಲ್ಲ. ತಿದ್ದುವ ಬಗೆ ಬೇರೆ. ಪ್ಯಾರಿಸ್ಸಿನಲ್ಲಿ ಜೀನ್ ನಿಕೊಲಾ ಸವರಿ ಎಂಬಾತ ಹಳೆಯ ವಾದ್ಯದ ಕಿರಿದಾದ ಒಳಕೊಳವೆಯನ್ನೂ ಬೆರಳಿನ ಕ್ರಮವನ್ನೂ ಹಾಗೆಯೇ ಇಟ್ಟುಕೊಂಡು ಅದನ್ನು ನಯಗೊಳಿಸುತ್ತ ಹೋದ. ಮುಂದೆ ಪ್ಯಾರಿಸ್ ಸಂಗೀತ ಶಾಲೆಯ ಪ್ರಾಧ್ಯಾಪಕ ಯುಜೀನ್ ಜಾಂಕೂರ್ ಬುಫೆ ಕ್ರಾಂಪೊನ್ ಕಾರ್ಖಾನೆಯವರೊಂದಿಗೆ ಸೇರಿ ಇಪ್ಪತ್ತೆರಡು ಕೀಲಿಗಳ ಮಾದರಿಯನ್ನು 1879ರ ವೇಳೆಗೆ ಸಿದ್ಧಪಡಿಸಿದ. ಅವರು ಬಳಸಿದ ಮರ ನಮ್ಮ ಬೀಟೆಯ ದಾಯಾದಿ. ಇದರ ದನಿ ಹೆಚ್ಚು ಹಗುರ, ಹೆಚ್ಚು ಚುರುಕು, ಮೂಗಿನ ಮಾತು ತುಸು ಜಾಸ್ತಿ. ತಾರದ ಸ್ವರಗಳು ಸುಲಭವಾಗಿ ಹತ್ತುತ್ತವೆ. ಮಂದ್ರ, ಮಧ್ಯ, ತಾರ ಮೂರೂ ಮೂರು ಬಣ್ಣ. ಆದರೆ ಸ್ವರಗಳನ್ನು ತುಟಿಯಿಂದ ತಿದ್ದಿಕೊಳ್ಳುವ ಹೊಣೆ ಇಲ್ಲಿ ಇನ್ನೂ ವಾದಕನ ಮೇಲೆಯೇ ಇತ್ತು.

ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಕೊಳಲನ್ನು ಗಣಿತದ ಪ್ರಕಾರ ಹೊಸದಾಗಿ ಕಟ್ಟಿದ ಬೋಮ್ ಎಂಬ ಜರ್ಮನನ ಪದ್ಧತಿ ಆಗ ಎಲ್ಲೆಡೆ ಜಯಭೇರಿ ಹೊಡೆಯುತ್ತಿತ್ತು. ಬಸೂನಿಗೂ ಅದನ್ನೇ ಏಕೆ ಮಾಡಬಾರದೆಂದು ಪ್ಯಾರಿಸ್ಸಿನ ತ್ರಿಬೇರ್ ಮತ್ತು ಮಾರ್ಜೋಲಿ 1855ರ ವೇಳೆಗೆ ಹಾಗೆಯೇ ಕಟ್ಟಿ ತೋರಿಸಿದರು. ಓರೆ ರಂಧ್ರಗಳನ್ನು ಬಿಟ್ಟು, ಪ್ರತಿಯೊಂದು ರಂಧ್ರವನ್ನೂ ಶಾಸ್ತ್ರ ಹೇಳಿದ ಜಾಗದಲ್ಲಿ, ಶಾಸ್ತ್ರ ಹೇಳಿದ ಅಳತೆಯಲ್ಲಿ ಕೊರೆದು, ಎಲ್ಲಕ್ಕೂ ಕೀಲಿ ಹಾಕಿದರು. ನೋಡಲು ಗಡಿಯಾರದ ಒಳಗನ್ನು ಬಿಚ್ಚಿಟ್ಟಂತಿತ್ತು, ಬೆಲೆಯೂ ವಿಪರೀತ. ಆದರೆ ಅದರ ದನಿ ಬಸೂನಿನದಾಗಿ ಉಳಿಯಲಿಲ್ಲ. ಯಾರೂ ಕೊಳ್ಳಲಿಲ್ಲ. ಗಣಿತದ ಮೇಷ್ಟ್ರಾಗಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು, "ಲೆಕ್ಕ ತಪ್ಪಿರಬೇಕು, ಇನ್ನೊಮ್ಮೆ ನೋಡಬೇಕಿತ್ತು" ಎಂದರು. ಲೆಕ್ಕ ತಪ್ಪಿರಲಿಲ್ಲ.

ಹೀಗೆ ಇಪ್ಪತ್ತನೆಯ ಶತಮಾನ ಕಣ್ತೆರೆಯುವಾಗ ಯುರೋಪಿನಲ್ಲಿ ಎರಡು ಬಸೂನುಗಳಿದ್ದವು. ಜರ್ಮನಿ, ಆಸ್ಟ್ರಿಯಾದ ಕಡೆ ಹೆಕೆಲನದು. ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಫ್ರೆಂಚರದು. ಡೆಬ್ಯೂಸಿ, ರಾವೆಲ್ ತಮ್ಮ ಕಿವಿಯಲ್ಲಿಟ್ಟುಕೊಂಡು ಬರೆದದ್ದು ಫ್ರೆಂಚ್ ಬಸೂನನ್ನೇ. ಸೇನ್-ಸಾನ್ಸ್ ಎಂಬತ್ತು ದಾಟಿದ ಮೇಲೆ, ತಾನು ಸಾಯುವ ವರ್ಷವಾದ 1921ರಲ್ಲಿ, ಒಂದು ಸೊನಾಟಾ ಬರೆದುಕೊಟ್ಟದ್ದೂ ಅದಕ್ಕೇ. ಎಲ್ಲಕ್ಕಿಂತ ದೊಡ್ಡ ಸಂಗತಿ 1913ರ ಮೇ 29ರದು. ಪ್ಯಾರಿಸ್ಸಿನ ಷಾಂಜೆಲೀಜೆ ರಂಗಮಂದಿರದಲ್ಲಿ ಅಂದು ಸಂಜೆ ಸ್ಟ್ರಾವಿನ್‌ಸ್ಕಿಯ 'ವಸಂತದ ಬಲಿ' ನೃತ್ಯರೂಪಕದ ಮೊದಲ ಪ್ರದರ್ಶನ. ಸಭೆಯಲ್ಲಿ ಕೂಗಾಟವೆದ್ದು ವಾದ್ಯಗಳೇ ಕೇಳಿಸದಂತಾದ ಕಥೆ ಪ್ರಸಿದ್ಧ. ಆ ಕೃತಿ ಆರಂಭವಾಗುವುದು ಒಂಟಿ ಬಸೂನಿನಿಂದ. ಮಂದ್ರದ ವಾದ್ಯವೆಂದು ಹೆಸರಾದ ಅದನ್ನು ಅದರ ತಾರಸ್ಥಾಯಿಯ ತುತ್ತತುದಿಗೆ ಹತ್ತಿಸಿ, ಲಿಥುವೇನಿಯಾದ ಒಂದು ಜಾನಪದ ಮಟ್ಟನ್ನು ಹಾಡಿಸಿದ್ದಾನೆ. ಯಾವ ವಾದ್ಯವೆಂದು ಗುರುತೇ ಸಿಗದು. ಇಂದಿನ ಜರ್ಮನ್ ಬಸೂನಿನಲ್ಲಿ ಇದನ್ನು ಸಲೀಸಾಗಿ ನುಡಿಸುತ್ತಾರೆ, ಸುಂದರವಾಗಿಯೂ ನುಡಿಸುತ್ತಾರೆ. ಆದರೆ ಫ್ರೆಂಚ್ ಬಸೂನಿನಲ್ಲಿ ಕೇಳಿದರೆ ಅದು ಸುಂದರವೆನ್ನಿಸುವುದಿಲ್ಲ. ಗಂಟಲು ಕಟ್ಟಿದ ಯಾರೋ ಕಾಡಿನ ಅಂಚಿನಲ್ಲಿ ನಿಂತು ಕರೆಯುವಂತೆ ಇರುತ್ತದೆ. ಚಳಿ ದೇಶದ ವಸಂತ ಬರುವುದು ಹಾಗೆಯೇ ಇರಬೇಕು ಎಂದು ನನಗೆ ತೋರಿತು.

ಸೋಲು ಶುರುವಾದದ್ದು ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರಿನ ಹ್ಯಾಲೆ ವಾದ್ಯವೃಂದಕ್ಕೆ ಹಾನ್ಸ್ ರಿಕ್ಟರ್ ನಿರ್ದೇಶಕನಾಗಿದ್ದಾಗ, ವಿಯೆನ್ನಾದಿಂದ ಜರ್ಮನ್ ಪದ್ಧತಿಯ ವಾದಕರನ್ನು ಕರೆಸಿಕೊಂಡ. ಅವರಲ್ಲಿ ಒಬ್ಬರ ಬಳಿ ಕಲಿತ ಆರ್ಚಿ ಕ್ಯಾಮ್ಡನ್ ಎಂಬ ಸ್ಥಳೀಯ ಹುಡುಗ ಮುಂದೆ ಇಂಗ್ಲೆಂಡಿನ ಹೆಸರಾಂತ ವಾದಕನಾದ. ಮೊಜಾರ್ಟನ ಬಸೂನ್ ಕನ್ಚರ್ಟೊವನ್ನು 1926ರಲ್ಲಿ ಆತ ರೆಕಾರ್ಡು ಮಾಡಿದ. ಆ ರೆಕಾರ್ಡು ಮನೆಮನೆಗೆ ಹೋಯಿತು. ಬಸೂನಿನ ದನಿ ಎಂದರೆ ಹೀಗಿರಬೇಕು ಎಂದು ಜನ ತೀರ್ಮಾನಿಸಿದರು. ಮೂವತ್ತರ ದಶಕದಲ್ಲಿ ಲಂಡನ್ನಿನ ವಾದಕರು ಒಬ್ಬೊಬ್ಬರಾಗಿ ಹಳೆಯ ವಾದ್ಯವನ್ನು ಮೂಲೆಗಿಟ್ಟು ಹೆಕೆಲ್ ಪದ್ಧತಿಗೆ ಬದಲಾದರು. ಅವರನ್ನು ದೂರುವಂತಿಲ್ಲ. ಶ್ರುತಿ ತಪ್ಪುವ ಭಯ ಕಡಿಮೆ, ಉಳಿದ ವಾದ್ಯಗಳೊಡನೆ ಹಾಲಿನಲ್ಲಿ ಸಕ್ಕರೆಯಂತೆ ಬೆರೆಯುತ್ತದೆ, ದೊಡ್ಡ ಸಭಾಂಗಣವನ್ನು ತುಂಬುತ್ತದೆ. ಧ್ವನಿಮುದ್ರಣದಲ್ಲಿ ಒಂದು ಸ್ವರ ಜಾರಿದರೆ ಅದು ಶಾಶ್ವತವಾಗಿ ಜಾರಿದಂತೆಯೇ. ಹೆಂಡತಿ ಮಕ್ಕಳಿರುವ ವಾದಕ ಅಂಥ ಅಪಾಯವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು?

ಬದಲಾಗದೆ ಉಳಿದ ಕೆಲವರಲ್ಲಿ ಸೆಸಿಲ್ ಜೇಮ್ಸ್ ಒಬ್ಬ. ತಂದೆಯೂ ದೊಡ್ಡಪ್ಪ ಚಿಕ್ಕಪ್ಪನ ಸಾಲಿನವರೂ ಬಸೂನು ನುಡಿಸಿದ ಮನೆತನ. 1913ರಲ್ಲಿ ಹುಟ್ಟಿದ ಈತ ಐವತ್ತರ ದಶಕದಲ್ಲಿ ಫಿಲ್‌ಹಾರ್ಮೋನಿಯಾದ ಮುಖ್ಯ ಬಸೂನು ವಾದಕನಾಗಿದ್ದ, ಫ್ರೆಂಚ್ ಬಸೂನನ್ನೇ ನುಡಿಸುತ್ತಿದ್ದ. ಕಾರಾಯನ್ ಎಂಬ ಮಹಾನಿರ್ದೇಶಕನ ಕೈಕೆಳಗೆ 1953ರಲ್ಲಿ ಆ ವಾದ್ಯವೃಂದ ಮೊಜಾರ್ಟನ ಹೆಸರಿನಲ್ಲಿರುವ ನಾಲ್ಕು ಗಾಳಿವಾದ್ಯಗಳ ಕೃತಿಯನ್ನು ರೆಕಾರ್ಡು ಮಾಡಿತು. ಓಬೋ ಸಿಡ್ನಿ ಸಟ್‌ಕ್ಲಿಫ್, ಕ್ಲಾರಿನೆಟ್ ಬರ್ನಾರ್ಡ್ ವಾಲ್ಟನ್, ಹಾರ್ನ್ ಡೆನಿಸ್ ಬ್ರೇನ್, ಬಸೂನ್ ಸೆಸಿಲ್ ಜೇಮ್ಸ್. (ಆ ಕೃತಿ ಈಗಿರುವ ರೂಪದಲ್ಲಿ ಮೊಜಾರ್ಟನದೇ ಹೌದೇ ಎಂಬ ಸಂಶಯ ವಿದ್ವಾಂಸರಿಗಿದೆ. ಆತ 1778ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದದ್ದು ಕೊಳಲು, ಓಬೋ, ಹಾರ್ನ್, ಬಸೂನುಗಳಿಗೆ. ಆ ಹಸ್ತಪ್ರತಿ ಕಳೆದುಹೋಗಿದೆ. ನನಗಂತೂ ಆ ಸಂಶಯದಿಂದ ನಷ್ಟವೇನೂ ಆಗಿಲ್ಲ.) ಲಕ್ಷ್ಮೀಪುರಂನ ಆ ಹಜಾರದಲ್ಲಿ ನಾನು ಕೇಳಿದ್ದು ಇದನ್ನೇ.

ಫ್ರಾನ್ಸ್ ಇನ್ನೂ ಕೆಲಕಾಲ ತಡೆದು ನಿಂತಿತು. ಪ್ಯಾರಿಸ್ ಸಂಗೀತ ಶಾಲೆಯಲ್ಲಿ 1957ರಿಂದ ಮೂರು ದಶಕ ಪಾಠ ಹೇಳಿದ ಮಾರಿಸ್ ಅಲಾರ್ ತನ್ನ ದೇಶದ ವಾದ್ಯದ ಪರವಾಗಿ ಜೀವಮಾನವಿಡೀ ವಾದಿಸಿದ, ಅದಕ್ಕಿಂತ ಮಿಗಿಲಾಗಿ ನುಡಿಸಿ ತೋರಿಸಿದ. ಆದರೆ ಹೊರದೇಶದ ನಿರ್ದೇಶಕರು ಬರುತ್ತಿದ್ದರು, ಎಲ್ಲ ವಾದ್ಯವೃಂದಗಳೂ ಒಂದೇ ಬಗೆಯಲ್ಲಿ ಕೇಳಬೇಕೆಂಬ ಅಪೇಕ್ಷೆ ಬೆಳೆಯುತ್ತಿತ್ತು, ತರುಣರಿಗೆ ಬರ್ಲಿನ್ನಿನಲ್ಲೂ ಲಂಡನ್ನಿನಲ್ಲೂ ಕೆಲಸ ಬೇಕಿತ್ತು. ಎಪ್ಪತ್ತರ ದಶಕದಿಂದೀಚೆಗೆ ಫ್ರಾನ್ಸಿನ ವಾದ್ಯವೃಂದಗಳೂ ಒಂದೊಂದಾಗಿ ಜರ್ಮನ್ ಪದ್ಧತಿಗೆ ತಿರುಗಿದವು. ಎರಡು ವಾದ್ಯಗಳ ಬೆರಳಿನ ಕ್ರಮವೇ ಬೇರೆಯಾದ್ದರಿಂದ ಬದಲಾಗುವವನು ನಡುವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸದಿಂದ ತೊಡಗಬೇಕು. ನಮ್ಮಲ್ಲಿ ಪಠ್ಯಪುಸ್ತಕ ಬದಲಾದ ವರ್ಷ ಹಿರಿಯ ಶಿಕ್ಷಕರ ಮುಖ ಹೇಗಿರುತ್ತಿತ್ತೆಂದು ಬಲ್ಲ ನನಗೆ ಆ ವಾದಕರ ಪಾಡು ಊಹೆಗೆ ನಿಲುಕುತ್ತದೆ.

ಇದನ್ನೆಲ್ಲ ಓದುತ್ತಿರುವಾಗ ನನ್ನನ್ನು ಕುಟುಕಿದ ನೆನಪೊಂದಿದೆ. ಅದನ್ನು ಬರೆಯದೆ ಇದ್ದರೆ ಈ ಲೇಖನ ಅಪ್ರಾಮಾಣಿಕವಾದೀತು.

ನಾನು ಸೇವೆಯಲ್ಲಿದ್ದ ಊರಿನಲ್ಲಿ ರಥೋತ್ಸವದ ಸಮಿತಿಗೆ ಹಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಓಲಗಕ್ಕೆ ಬರುತ್ತಿದ್ದ ಮೇಳದಲ್ಲಿ ನಾಲ್ಕು ಜನ: ನಾಗಸ್ವರ ಇಬ್ಬರು, ಡೋಲು ಒಬ್ಬರು, ಶ್ರುತಿ ಹಿಡಿಯುವವರು ಒಬ್ಬರು. ಶ್ರುತಿಯವರು ವಿದ್ವಾಂಸರ ಸೋದರಮಾವ, ವಯಸ್ಸಾದವರು. ಒತ್ತು ಎಂಬ, ರಾಗ ನುಡಿಸದ, ಷಡ್ಜವೊಂದನ್ನೇ ಹಿಡಿದು ನಿಲ್ಲುವ ಉದ್ದನೆಯ ವಾದ್ಯ ಅವರದು. ಕೆನ್ನೆ ಉಬ್ಬಿಸಿ, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಂದ ಊದುತ್ತ, ಎಳೆ ಕಡಿಯದಂತೆ ಗಂಟೆಗಟ್ಟಲೆ ಅದೊಂದೇ ಸ್ವರ. 1991ರ ಉತ್ಸವದ ಖರ್ಚು ಲೆಕ್ಕ ಹಾಕುವಾಗ ನಾನೇ ಸೂಚಿಸಿದೆ: ವಿದ್ಯುತ್ ಶ್ರುತಿಪೆಟ್ಟಿಗೆಯೊಂದನ್ನು ಕೊಂಡರೆ ಪ್ರತಿ ವರ್ಷ ಒಬ್ಬರ ಸಂಭಾವನೆ, ಬಸ್ಸಿನ ಖರ್ಚು ಉಳಿಯುತ್ತದೆ. ಎಲ್ಲರೂ ಒಪ್ಪಿದರು. ಪೆಟ್ಟಿಗೆ ಬಂತು. ಒಂದು ಕಡ್ಡಿಯಷ್ಟೂ ಶ್ರುತಿ ತಪ್ಪದು. ನನಗೆ ಹೆಮ್ಮೆಯೇ ಆಗಿತ್ತು.

ಉತ್ಸವದ ಎರಡನೆಯ ದಿನ ವಿದ್ವಾಂಸರನ್ನು ಕೇಳಿದೆ, "ಹೇಗಿದೆ ನಮ್ಮ ಪೆಟ್ಟಿಗೆ?" ಅವರು ಪೀಪಿ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿದೆ ಮೇಷ್ಟ್ರೇ. ನುಡಿಸ್ತಾ ನುಡಿಸ್ತಾ ನಾಗಸ್ವರ ಕಾಯ್ತದೆ, ಶ್ರುತಿ ಒಂದೆಳೆ ಮೇಲಕ್ಕೆ ಹೋಗ್ತದೆ. ಮಾವ ಇದ್ದಾಗ ಅವರೂ ಜೊತೇಲಿ ಬರೋರು. ಇದು ಬರೋದಿಲ್ಲ. ನಾನೇ ಅದರ ಹತ್ತಿರ ವಾಪಸ್ಸು ಹೋಗಬೇಕು" ಎಂದರು. ದೂರಿನ ದನಿ ಇರಲಿಲ್ಲ. ಮುಂದಿನ ವರ್ಷ ಮಾವನವರು ಉತ್ಸವಕ್ಕೆ ತಾವಾಗಿಯೇ ಬಂದು, ಮೇಳದ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ, ಪ್ರಸಾದ ತೆಗೆದುಕೊಂಡು ಹೋದರು. ಅವರ ಊಟದ ಎಲೆಯನ್ನು ನಾನೇ ಮುಂದೆ ನಿಂತು ಹಾಕಿಸಿದೆ. ಒತ್ತು ಎಲ್ಲಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದಾದ ಮೇಲೆ ನಮ್ಮ ಸೀಮೆಯಲ್ಲಿ ಒತ್ತು ಹಿಡಿದವರನ್ನು ನಾನು ನೋಡಿಲ್ಲ.

ಫ್ರೆಂಚ್ ಬಸೂನಿನ ಸ್ಥಿತಿ ಅಷ್ಟು ಕೆಟ್ಟಿಲ್ಲ. ಪ್ಯಾರಿಸ್ಸಿನ ಸಂಗೀತ ಶಾಲೆ ಎರಡೂ ಪದ್ಧತಿಗಳನ್ನು ಕಲಿಸುತ್ತ ಬಂದಿದೆ. ಫ್ರಾಂಸ್ವಾ-ಜೇವಿಯರ್ ರಾತ್ 2003ರಲ್ಲಿ ಕಟ್ಟಿದ 'ಲೆ ಸಿಯೆಕ್ಲ್' ಎಂಬ ವಾದ್ಯವೃಂದ ಪ್ರತಿಯೊಂದು ಕೃತಿಯನ್ನೂ ಅದು ಹುಟ್ಟಿದ ಕಾಲದ, ಹುಟ್ಟಿದ ದೇಶದ ವಾದ್ಯಗಳಲ್ಲಿಯೇ ನುಡಿಸುತ್ತದೆ. 'ವಸಂತದ ಬಲಿ'ಗೆ ನೂರು ವರ್ಷ ತುಂಬಿದ 2013ರಲ್ಲಿ ಅವರು ಅದನ್ನು ಫ್ರೆಂಚ್ ಬಸೂನುಗಳಿಂದಲೇ ನುಡಿಸಿದರು. ಅದರ ಧ್ವನಿಮುದ್ರಣವೂ ಹೊರಬಂದಿದೆ. ಒಮ್ಮೆ ಮೂಲೆಗಿಟ್ಟ ವಾದ್ಯಕ್ಕೆ ಹೊಸ ತರುಣರು ಪೀಪಿ ಕಟ್ಟಿಕೊಳ್ಳುತ್ತಿದ್ದಾರೆ. ಆದರೆ ವಸ್ತುಸಂಗ್ರಹಾಲಯದ ಗಾಜಿನ ಹಿಂದಿನಿಂದ ಎತ್ತಿಕೊಂಡು ನುಡಿಸುವುದಕ್ಕೂ, ಬೇರೆ ಬಗೆ ಗೊತ್ತೇ ಇಲ್ಲವೆಂಬಂತೆ ದಿನನಿತ್ಯ ನುಡಿಸುವುದಕ್ಕೂ ಅಂತರವಿದೆ. ಸೆಸಿಲ್ ಜೇಮ್ಸ್ ಆ ಎರಡನೆಯ ಬಗೆಯವನು. ಆತ 1999ರಲ್ಲಿ ತೀರಿಕೊಂಡ.

ಹೋದ ತಿಂಗಳು ಮೊಮ್ಮಗಳು ರಜೆಗೆ ಬಂದಿದ್ದಾಗ ತನ್ನ ಫೋನಿನಲ್ಲಿ ಆ 1953ರ ಮುದ್ರಣವನ್ನು ಹುಡುಕಿಕೊಟ್ಟಳು. ಅದೇ ಕೃತಿಯನ್ನು ಈಚಿನವರು ಜರ್ಮನ್ ಬಸೂನಿನಲ್ಲಿ ನುಡಿಸಿದ್ದನ್ನೂ ಹಾಕಿದಳು. ಯಾವುದು ಯಾವುದೆಂದು ಹೇಳದೆ ಕೇಳಿಸಿ, "ಯಾವುದು ಚೆನ್ನಾಗಿದೆ ಪುಟ್ಟಿ?" ಎಂದೆ. ಅವಳು ಸ್ವಲ್ಪ ಯೋಚಿಸಿ, "ಎರಡನೇದು ನೀಟಾಗಿದೆ ತಾತ. ಮೊದಲನೇದರಲ್ಲಿ ಯಾರೋ ಇದ್ದಾರೆ" ಎಂದಳು. ಮೊದಲನೆಯದು ಸೆಸಿಲ್ ಜೇಮ್ಸನದು. ಇನ್ನೊಂದು ಸಲ ಹಾಕು ಎಂದೆ.